ಶುರುವಾಗದ ಕ್ರಿಯೆಯ ಕಾವಲು: ಫ್ಲೋರೋಪಾಲಿಮರ್ ತಯಾರಿಕೆಯ ಅನಿಲಗಳನ್ನು ದಾಸ್ತಾನಿಡುವ ಬಗೆ

(ಮೈಸೂರಿನಲ್ಲಿ ಪಾಲಿಮರ್ ವಿಜ್ಞಾನದ ವಿದ್ಯಾರ್ಥಿಗಳು ಮತ್ತು ಕಾರ್ಖಾನೆಗಳ ಸುರಕ್ಷತಾ ಸಿಬ್ಬಂದಿಯ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಟೆಫ್ಲಾನ್ ಎಂದು ನಾವು ಕರೆಯುವ ಪಿಟಿಎಫ್‌ಇ ಒಂದು ಫ್ಲೋರೋಪಾಲಿಮರ್, ಅಂದರೆ ಫ್ಲೋರಿನ್ ಇರುವ ಪಾಲಿಮರ್. ಅದು ಬಹಳ ಸಾಧು ವಸ್ತು. ಹೆಚ್ಚುಕಡಿಮೆ ಯಾವ ಆಮ್ಲವೂ ಅದನ್ನು ತಿನ್ನುವುದಿಲ್ಲ, ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಸುಮಾರು 327 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕರಗುವುದೂ ಇಲ್ಲ. ಪ್ಲಂಬರ್ ನಲ್ಲಿಗೆ ಸುತ್ತುವ ಬಿಳಿ ಟೇಪಿನಿಂದ ಹಿಡಿದು ರಾಸಾಯನಿಕ ಕಾರ್ಖಾನೆಗಳ ಗ್ಯಾಸ್ಕೆಟ್‌ವರೆಗೆ ಅದನ್ನು ನಂಬಿ ಬಳಸುವುದು ಈ ಗುಣಕ್ಕಾಗಿಯೇ. ಆದರೆ ಅದು ಯಾವ ಅನಿಲದಿಂದ ಹುಟ್ಟುತ್ತದೆಯೋ ಆ ಟೆಟ್ರಾಫ್ಲೋರೋಎಥಿಲೀನ್, ಅಂದರೆ ಟಿಎಫ್‌ಇ, ಕೈಗಾರಿಕೆಯಲ್ಲಿ ಬಳಕೆಯಾಗುವ ಅನಿಲಗಳಲ್ಲೇ ಅತ್ಯಂತ ಎಚ್ಚರಿಕೆ ಬೇಡುವಂಥವುಗಳಲ್ಲಿ ಒಂದು. ಈ ಅನಿಲವನ್ನು ಒತ್ತಡದಲ್ಲಿ ಕೂಡಿಡುವುದು ಹೇಗೆ, ಕೂಡಿಡುವಾಗ ಯಾವುದಕ್ಕೆ ಅಂಜಬೇಕು ಎಂಬುದೇ ನಾನು ಇಂದು ಆರಿಸಿಕೊಂಡಿರುವ ವಿಷಯ.

ಇದನ್ನು ತಯಾರಿಸುವ ದೊಡ್ಡ ಘಟಕಗಳು ನಮ್ಮ ಮೈಸೂರು-ಮಂಡ್ಯ ಸೀಮೆಯಲ್ಲಿಲ್ಲ. ಭಾರತದಲ್ಲಿ ಪಿಟಿಎಫ್‌ಇ ತಯಾರಿಕೆಯ ಪ್ರಮುಖ ನೆಲೆ ಗುಜರಾತಿನ ದಹೇಜ್. ಹೈದರಾಬಾದಿನ ಹತ್ತಿರ ರುದ್ರಾರಂನಲ್ಲಿದ್ದ ಹಿಂದೂಸ್ತಾನ್ ಫ್ಲೋರೋಕಾರ್ಬನ್ಸ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2020ರಲ್ಲಿ ತೀರ್ಮಾನಿಸಿತು. ಹಾಗಿದ್ದೂ ಇಲ್ಲಿ ಈ ಮಾತು ಏಕೆ ಎಂದರೆ, ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಸಿಪೆಟ್ ಸಂಸ್ಥೆ ಇದೆ, ಜೆಸಿಇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಭಾಗ ಇದೆ, ಮಂಡ್ಯದಲ್ಲಿ ಇಂಜಿನಿಯರಿಂಗ್ ಕಾಲೇಜು ಇದೆ. ಇಲ್ಲಿ ಓದಿದವರು ನಾಳೆ ಅಂಥ ಘಟಕಗಳ ಕಂಟ್ರೋಲ್ ರೂಮಿನಲ್ಲಿ ಕೂರುತ್ತಾರೆ. ಜೊತೆಗೆ ಹೆಬ್ಬಾಳ, ಮೇಟಗಳ್ಳಿ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಮಾಡುವವರಿಗೆ ಈ ಅನಿಲದ ಹತ್ತಿರದ ಬಂಧುವೊಂದು ಚೆನ್ನಾಗಿ ಗೊತ್ತು. ಅದು ವೆಲ್ಡಿಂಗ್‌ಗೆ ಬಳಸುವ ಅಸಿಟಲೀನ್. ಇವೆರಡರ ನೆಂಟಸ್ತಿಕೆ ಏನೆಂಬುದನ್ನು ಮುಂದೆ ಹೇಳುತ್ತೇನೆ.

ಸಾಮಾನ್ಯವಾಗಿ ಅನಿಲದ ದಾಸ್ತಾನು ಎಂದಾಗ ನಮ್ಮ ಯೋಚನೆಯೆಲ್ಲ ಪಾತ್ರೆಯ ಮೇಲೆ ಹೋಗುತ್ತದೆ: ಉಕ್ಕು ಎಷ್ಟು ದಪ್ಪ, ವೆಲ್ಡಿಂಗ್ ಸರಿಯಿದೆಯೇ, ವಾಲ್ವ್ ಸೋರುತ್ತಿದೆಯೇ. ಸಾರಜನಕಕ್ಕೋ ಆರ್ಗಾನ್‌ಗೋ ಇಷ್ಟು ಬಹುಮಟ್ಟಿಗೆ ಸಾಕು, ಏಕೆಂದರೆ ಒಳಗಿರುವ ಅನಿಲ ತಾನಾಗಿ ಏನನ್ನೂ ಮಾಡುವುದಿಲ್ಲ. ಟಿಎಫ್‌ಇ ವಿಷಯದಲ್ಲಿ ಈ ದೃಷ್ಟಿ ಸಾಲದು. ಟಿಎಫ್‌ಇ ತುಂಬಿದ ಟ್ಯಾಂಕ್ ವಾಸ್ತವವಾಗಿ ಒಂದು ರಿಯಾಕ್ಟರ್, ಅಂದರೆ ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆ. ಅದರಲ್ಲಿ ನಡೆಯಬೇಕಾದ ಕ್ರಿಯೆ ಇನ್ನೂ ಶುರುವಾಗಿಲ್ಲ, ಅಷ್ಟೇ. ಅದನ್ನು ಶುರುವಾಗದಂತೆ ಕಾಯುವುದೇ ದಾಸ್ತಾನಿನ ಕೆಲಸ. ನನ್ನ ಮಾತೆಲ್ಲ ಈ ಒಂದು ತಿಳಿವಳಿಕೆಯ ಸುತ್ತಲೇ ಇರುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕುದಿಬಿಂದು ಸುಮಾರು ಮೈನಸ್ 76 ಡಿಗ್ರಿ. ಗಾಳಿಯೊಂದಿಗೆ ಬೆರೆತರೆ ಹೊತ್ತಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ 2ಎ ಗುಂಪಿಗೆ ಸೇರಿಸಿದೆ. ಇವೆಲ್ಲ ಗಂಭೀರ ಸಂಗತಿಗಳೇ, ಆದರೆ ಬೇರೆ ಅನೇಕ ಅನಿಲಗಳಲ್ಲೂ ಇವು ಇವೆ. ಟಿಎಫ್‌ಇಯ ವಿಶೇಷ ಎಂದರೆ ಅದರ ಮುಂದೆ ಎರಡು ದಾರಿಗಳಿರುವುದು, ಎರಡರಲ್ಲೂ ಅಪಾರ ಶಾಖ ಹೊರಬೀಳುವುದು.

ಮೊದಲನೆಯ ದಾರಿ ಪಾಲಿಮರ್ ಆಗುವುದು. ಟಿಎಫ್‌ಇ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಾಗ ಪ್ರತಿ ಮೋಲ್‌ಗೆ ಸುಮಾರು 170 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ. ಟಿಎಫ್‌ಇಯ ಅಣುತೂಕ ನೂರು, ಅಂದರೆ ಅದರ ಒಂದು ಮೋಲ್ ನೂರು ಗ್ರಾಂ ತೂಗುತ್ತದೆ, ಆದ್ದರಿಂದ ಲೆಕ್ಕ ಸುಲಭ: ಒಂದು ಕಿಲೋಗೆ ಸುಮಾರು 1,700 ಕಿಲೋಜೂಲ್, ಅಂದರೆ ಕೊಠಡಿಯ ತಾಪದಲ್ಲಿರುವ ಐದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ. ಎರಡನೆಯ ದಾರಿ ಇನ್ನೂ ಕೆಟ್ಟದ್ದು. ಎಲ್ಲಾದರೂ ಒಂದು ಕಡೆ ಅನಿಲ ಸಾಕಷ್ಟು ಬಿಸಿಯಾದರೆ ಅಣು ಒಡೆದು ಇಂಗಾಲ ಮತ್ತು ಇಂಗಾಲದ ಟೆಟ್ರಾಫ್ಲೋರೈಡ್ ಆಗುತ್ತದೆ. ಇದರಲ್ಲಿ ಹೊರಬೀಳುವ ಶಾಖ ಮೊದಲನೆಯದಕ್ಕಿಂತ ಸುಮಾರು ಒಂದೂವರೆ ಪಟ್ಟು. ಈ ಒಡೆಯುವಿಕೆಗೆ ಗಾಳಿ ಬೇಕಿಲ್ಲ, ಆಮ್ಲಜನಕ ಬೇಕಿಲ್ಲ; ಒತ್ತಡದಲ್ಲಿರುವ ಶುದ್ಧ ಟಿಎಫ್‌ಇಯಲ್ಲೇ ಉರಿಯಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆ. ಗಮನಿಸಿ, ಒಂದು ಅಣು ಅನಿಲ ಹೋಗಿ ಒಂದೇ ಅಣು ಅನಿಲ ಬರುತ್ತದೆ, ಇಂಗಾಲ ಮಸಿಯಾಗಿ ಉಳಿಯುತ್ತದೆ. ಅನಿಲದ ಪ್ರಮಾಣ ಹೆಚ್ಚಾಗದಿದ್ದರೂ ಬರೀ ಶಾಖದ ಬಲದಿಂದಲೇ ಪಾತ್ರೆಯ ಒತ್ತಡ ಮೊದಲಿದ್ದುದರ ಎಂಟು-ಹತ್ತು ಪಟ್ಟಿನವರೆಗೆ ಏರಬಲ್ಲದು.

ಅಸಿಟಲೀನ್‌ನ ನೆಂಟಸ್ತಿಕೆ ಇರುವುದು ಇಲ್ಲಿಯೇ. ಅದೂ ಆಮ್ಲಜನಕದ ಹಂಗಿಲ್ಲದೆ ಒಡೆದು ಸಿಡಿಯುವ ಅನಿಲ. ಡಿಎ (ಕರಗಿಸಿಟ್ಟ ಅಸಿಟಲೀನ್) ಸಿಲಿಂಡರ್ ಒಳಗೆ ರಂಧ್ರಮಯ ಗಟ್ಟಿ ವಸ್ತುವನ್ನು ತುಂಬಿ, ಅದಕ್ಕೆ ಅಸಿಟೋನ್ ಕುಡಿಸಿ, ಅದರಲ್ಲಿ ಅನಿಲವನ್ನು ಕರಗಿಸಿಡುವುದು ಈ ಕಾರಣಕ್ಕೇ. ಒಂದೆಡೆ ಒಡೆಯುವಿಕೆ ಶುರುವಾದರೂ ಆ ಸಣ್ಣ ರಂಧ್ರಗಳ ಗೋಡೆಗಳು ಶಾಖವನ್ನು ಹೀರಿ ಅದನ್ನು ಅಲ್ಲಿಗೇ ತಣಿಸುತ್ತವೆ.

ಈ ಎರಡು ದಾರಿಗಳು ಬೇರೆ ಬೇರೆಯಾಗಿದ್ದರೂ ಮೊದಲನೆಯದು ಎರಡನೆಯದಕ್ಕೆ ಬಾಗಿಲು ತೆರೆಯಬಲ್ಲದು ಎಂಬುದನ್ನು ಮನಸ್ಸಿನಲ್ಲಿಡಬೇಕು. ಪೈಪಿನ ಒಂದು ಮೂಲೆಯಲ್ಲಿ ಪಾಲಿಮರ್ ಕೂಡಿಕೊಂಡಿತು ಎನ್ನಿ. ಪಾಲಿಮರ್ ಒಳ್ಳೆಯ ಶಾಖನಿರೋಧಕ. ಅದರ ಒಳಗೆ ಕ್ರಿಯೆ ಮುಂದುವರಿದರೆ ಶಾಖ ಹೊರಹೋಗಲು ದಾರಿಯಿಲ್ಲದೆ ಅಲ್ಲೊಂದು ಬಿಸಿ ಬಿಂದು ಹುಟ್ಟುತ್ತದೆ. ಅದು ಅನಿಲದ ಒಡೆಯುವಿಕೆಗೆ ಕಿಡಿಯಾಗುತ್ತದೆ.

ಈ ಅನಿಲದ ಸ್ವಭಾವವನ್ನು ಜಗತ್ತು ಕಂಡುಕೊಂಡದ್ದೇ ಒಂದು ದಾಸ್ತಾನಿನ ಮೂಲಕ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ಯುವ ರಸಾಯನವಿಜ್ಞಾನಿಯೂ ಅವರ ಸಹಾಯಕ ಜ್ಯಾಕ್ ರೆಬೋಕ್ ಅವರೂ ಟಿಎಫ್‌ಇ ಇದ್ದ ಚಿಕ್ಕ ಸಿಲಿಂಡರ್ ಒಂದರ ವಾಲ್ವ್ ತೆರೆದರು. ಅವರು ಹುಡುಕುತ್ತಿದ್ದುದು ರೆಫ್ರಿಜರೇಟರ್‌ಗೆ ಹೊಸ ಅನಿಲವನ್ನು. ಟಿಎಫ್‌ಇಯನ್ನು ಡ್ರೈ ಐಸ್‌ನ ತಣ್ಣನೆಯಲ್ಲಿ ಇಟ್ಟುಕೊಂಡಿದ್ದರು. ವಾಲ್ವ್ ತೆರೆದರೂ ಅನಿಲ ಬರಲಿಲ್ಲ. ತೂಗಿ ನೋಡಿದರೆ ಸಿಲಿಂಡರಿನ ತೂಕ ಹಾಗೇ ಇತ್ತು. ಕೊನೆಗೆ ಗರಗಸದಿಂದ ಕೊಯ್ದು ನೋಡಿದಾಗ ಒಳಗೆ ಮೇಣದಂಥ ಬಿಳಿ ಪುಡಿ ಸಿಕ್ಕಿತು. ಅದೇ ಪಿಟಿಎಫ್‌ಇ. ಈ ಘಟನೆಯನ್ನು ಅದೃಷ್ಟದ ಕಥೆಯಾಗಿ ಹೇಳುವುದು ವಾಡಿಕೆ. ಸುರಕ್ಷತೆಯ ಕೆಲಸದಲ್ಲಿರುವ ನನಗೆ ಅದರಲ್ಲಿ ಬೇರೆಯದು ಕಾಣುತ್ತದೆ: ಯಾರೂ ಬಯಸದ ಹೊತ್ತಿನಲ್ಲಿ, ಮುಚ್ಚಿದ ಸಿಲಿಂಡರಿನಲ್ಲಿ ಕ್ರಿಯೆ ತಾನಾಗಿ ನಡೆದುಹೋಗಿತ್ತು. ಸಿಲಿಂಡರ್ ಚಿಕ್ಕದಾಗಿ, ತಣ್ಣಗಿದ್ದುದರಿಂದ ಶಾಖ ನಿಧಾನವಾಗಿ ಹೊರಹೋಗಿರಬೇಕು. ಅದೇ ಪ್ರಮಾಣದ ಕ್ರಿಯೆ ದೊಡ್ಡ ಟ್ಯಾಂಕಿನಲ್ಲಿ ನಡೆದರೆ ಪುಡಿಯನ್ನು ನೋಡಲು ಯಾರೂ ಉಳಿಯುವುದಿಲ್ಲ. ಇನ್ನೊಂದು ಪಾಠ ನೇರವಾದುದು: ಗೇಜ್ ಸೊನ್ನೆ ತೋರಿಸಿತೆಂದು ಸಿಲಿಂಡರ್ ಖಾಲಿ ಎಂದು ಬರೆದಿಡಬಾರದು, ತೂಗಬೇಕು. ಗೇಜಿಗೂ ತಕ್ಕಡಿಗೂ ತಾಳೆಯಾಗದ ಸಿಲಿಂಡರನ್ನು ಪಕ್ಕಕ್ಕೆ ಸರಿಸಿ, ಗುರುತು ಹಾಕಿ, ಪೂರೈಸಿದವರಿಗೆ ತಿಳಿಸಬೇಕು. ವಾಲ್ವ್ ಕಟ್ಟಿಕೊಂಡಿದೆ ಎಂದು ಕಂಬಿ ತುರುಕುವುದು, ಬಿಸಿ ಮಾಡುವುದು, ಗುಜರಿಗೆ ಹಾಕುವುದು ಇವು ಮೂರೂ ಪ್ರಾಣಕ್ಕೆ ಸಂಚಕಾರ.

ಆ ಕ್ರಿಯೆಯನ್ನು ಶುರುಮಾಡುವವರಲ್ಲಿ ಮುಖ್ಯವಾದುದು ಆಮ್ಲಜನಕ. ಟಿಎಫ್‌ಇ ಆಮ್ಲಜನಕದ ಜೊತೆ ಸೇರಿ ಪೆರಾಕ್ಸೈಡ್‌ಗಳಾಗುತ್ತದೆ. ಇವು ತಾವೇ ಸಿಡಿಯಬಲ್ಲವು, ಜೊತೆಗೆ ಪಾಲಿಮರ್ ಸರಪಳಿಗೆ ಮೊದಲ ಕೊಂಡಿಯನ್ನೂ ಒದಗಿಸುತ್ತವೆ. ಆದ್ದರಿಂದ ದಾಸ್ತಾನಿನಲ್ಲಿ ಆಮ್ಲಜನಕದ ಮಟ್ಟವನ್ನು ಹತ್ತು ಲಕ್ಷ ಭಾಗದಲ್ಲಿ ಕೆಲವೇ ಭಾಗಗಳಿಗೆ ಇಳಿಸಿ, ಹಾಗೇ ಇದೆಯೇ ಎಂದು ಅಳೆಯುತ್ತಿರಬೇಕು. ಹೊಸ ಟ್ಯಾಂಕನ್ನು ಬಳಕೆಗೆ ತರುವಾಗ, ರಿಪೇರಿಗೆ ಬಿಚ್ಚಿದ ಪೈಪನ್ನು ಮತ್ತೆ ಜೋಡಿಸುವಾಗ ಸಾರಜನಕದಿಂದ ಮತ್ತೆ ಮತ್ತೆ ತೊಳೆಯಬೇಕು. ಆ ಸಾರಜನಕದಲ್ಲೇ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನೂ ವಿಚಾರಿಸಬೇಕು. ವ್ಯವಸ್ಥೆಯ ಯಾವ ಭಾಗವೂ ವಾತಾವರಣಕ್ಕಿಂತ ಕಡಿಮೆ ಒತ್ತಡಕ್ಕೆ ಇಳಿಯಬಾರದು, ಇಳಿದರೆ ಸಣ್ಣ ಸಂದಿಯಲ್ಲೂ ಗಾಳಿ ಒಳನುಗ್ಗುತ್ತದೆ. ಪಾತ್ರೆಯ ಒಳಮೈ ತುಕ್ಕಿಲ್ಲದೆ ಶುದ್ಧವಾಗಿರಬೇಕು.

ಇಷ್ಟಾದರೂ ಆಮ್ಲಜನಕ ಪೂರ್ತಿ ಹೋಗುವುದಿಲ್ಲವಾದ್ದರಿಂದ ನಿರೋಧಕ ವಸ್ತುವನ್ನು, ಅಂದರೆ ಇನ್‌ಹಿಬಿಟರ್ ಅನ್ನು ಬೆರೆಸುತ್ತಾರೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್, ಟರ್ಪೆಂಟೈನ್‌ನಲ್ಲಿರುವ ಆಲ್ಫಾ-ಪೈನೀನ್ ಮೊದಲಾದ ಟರ್ಪೀನ್‌ಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಸರಪಳಿ ಶುರುಮಾಡಲು ಬರುವ ಕಣಗಳನ್ನು ಇವು ತಾವೇ ಹಿಡಿದು ನಿಷ್ಕ್ರಿಯಗೊಳಿಸುತ್ತವೆ. ಹೀಗೆ ಹಿಡಿಯುತ್ತಾ ತಾವೂ ಖರ್ಚಾಗುತ್ತವೆ. ನಿರೋಧಕವನ್ನು ಒಮ್ಮೆ ಹಾಕಿ ಮರೆಯುವಂತಿಲ್ಲ. ಎಷ್ಟು ಉಳಿದಿದೆ ಎಂದು ಪರೀಕ್ಷಿಸುತ್ತಲೇ ಇರಬೇಕು.

ಈ ಮಾತಿನ ತೂಕ ಗೊತ್ತಾಗಬೇಕಾದರೆ ವಿಶಾಖಪಟ್ಟಣವನ್ನು ನೆನೆಯಬೇಕು. 2020ರ ಮೇ 7ರ ಬೆಳಗಿನ ಜಾವ ಆರ್.ಆರ್. ವೆಂಕಟಾಪುರಂನ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಬಂದು 12 ಜನ ಪ್ರಾಣ ಕಳೆದುಕೊಂಡರು. ಸ್ಟೈರೀನ್ ಕೂಡ ಟಿಎಫ್‌ಇಯಂತೆ ಮಾನೊಮರ್, ಅಂದರೆ ಪಾಲಿಮರ್ ಸರಪಳಿಯ ಬಿಡಿ ಕೊಂಡಿ. ಅಣುತೂಕ 104, ಹೆಚ್ಚುಕಡಿಮೆ ಟಿಎಫ್‌ಇಯಷ್ಟೇ. ಆದರೆ ಅದು ಪಾಲಿಮರ್ ಆಗುವಾಗ ಬಿಡುವ ಶಾಖ ಟಿಎಫ್‌ಇಯದರ ಅರ್ಧಕ್ಕಿಂತಲೂ ಕಡಿಮೆ. ಲಾಕ್‌ಡೌನ್ ಕಾಲದಲ್ಲಿ ಸುಮ್ಮನೆ ನಿಂತಿದ್ದ ಆ ಟ್ಯಾಂಕಿನಲ್ಲಿ ನಿರೋಧಕ ಸಾಕಷ್ಟು ಇರಲಿಲ್ಲ, ತಣ್ಣಗಿಡುವ ಯಂತ್ರ ರಾತ್ರಿಯೆಲ್ಲ ನಡೆಯುತ್ತಿರಲಿಲ್ಲ, ತಾಪಮಾಪಕ ಟ್ಯಾಂಕಿನ ತಳಭಾಗದಲ್ಲಿ ಮಾತ್ರ ಇತ್ತು ಎಂಬ ಸಂಗತಿಗಳು ತನಿಖೆಯಲ್ಲಿ ಹೊರಬಂದವು. ತಳದಲ್ಲಿ ತಣ್ಣನೆಯ ಅಂಕಿ ಕಾಣುತ್ತಿತ್ತು. ಮೇಲಿನ ಪದರ ಬಿಸಿಯಾಗುತ್ತಲೇ ಇತ್ತು. ಒಂದು ದೊಡ್ಡ ಟ್ಯಾಂಕಿನ ತಾಪಮಾನ ಎಂಬುದು ಒಂದೇ ಸಂಖ್ಯೆಯಲ್ಲ. ಎತ್ತರ ಎತ್ತರದಲ್ಲಿ ಬೇರೆ ಬೇರೆ ಅಳತೆ ಬೇಕು.

ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸ್ಟೈರೀನ್‌ಗೆ ಬೆರೆಸುವ ಟಿಬಿಸಿ ಎಂಬ ನಿರೋಧಕ ಕೆಲಸ ಮಾಡಬೇಕಾದರೆ ದ್ರವದಲ್ಲಿ ಸ್ವಲ್ಪ ಆಮ್ಲಜನಕ ಕರಗಿರಲೇಬೇಕು. ಪೂರ್ತಿ ಸಾರಜನಕದ ಹೊದಿಕೆ ಅಲ್ಲಿ ಅನುಕೂಲಕ್ಕಿಂತ ಅಪಾಯವನ್ನೇ ತರಬಹುದು. ಟಿಎಫ್‌ಇಯಲ್ಲಿ ಅದೇ ಆಮ್ಲಜನಕ ಶತ್ರು. ಒಂದು ಮಾನೊಮರ್‌ನ ದಾಸ್ತಾನಿನಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ಅದೇ ಅಭ್ಯಾಸವನ್ನು ಮುಂದುವರಿಸಿದರೆ ಅನಾಹುತವಾಗುತ್ತದೆ. ಅನುಭವಿಗಳೇ ಇಂಥ ತಪ್ಪು ಮಾಡುವ ಸಂಭವ ಹೆಚ್ಚು ಎಂಬುದು ನನ್ನ ಆತಂಕ.

ನಿರೋಧಕಕ್ಕೆ ಎರಡು ಮಿತಿಗಳಿವೆ. ಲಿಮೊನೀನ್ ಕುದಿಯುವುದು ಸುಮಾರು 176 ಡಿಗ್ರಿಯಲ್ಲಿ, ಟಿಎಫ್‌ಇ ಕುದಿಯುವುದು ಮೈನಸ್ 76ರಲ್ಲಿ. ಹೀಗಾಗಿ ನಿರೋಧಕ ದ್ರವದಲ್ಲೇ ಉಳಿದುಬಿಡುತ್ತದೆ. ದ್ರವದ ಮೇಲಿನ ಆವಿಗೆ, ಆವಿ ಸೇರುವ ವಾಲ್ವ್ ಮತ್ತು ಪೈಪುಗಳಿಗೆ ಅದರ ರಕ್ಷಣೆ ಹೆಚ್ಚುಕಡಿಮೆ ಇಲ್ಲ. ಎರಡನೆಯದಾಗಿ, ಅದು ತಡೆಯುವುದು ಪಾಲಿಮರ್ ಆಗುವುದನ್ನು ಮಾತ್ರ. ಅನಿಲ ಒಡೆಯಲು ಶುರುವಾದರೆ ಅದನ್ನು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ಬೇರೊಂದು ಅನಿಲವನ್ನು ಬೆರೆಸಿ ತೆಳುಗೊಳಿಸುವುದು. ಮೊದಮೊದಲು ಹೈಡ್ರೋಜನ್ ಕ್ಲೋರೈಡ್ ಬೆರೆಸುತ್ತಿದ್ದರು. ಅದು ಸ್ವತಃ ವಿಷ, ಲೋಹವನ್ನು ತಿನ್ನುವಂಥದ್ದು. 1990ರ ದಶಕದಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆಸುವ ವಿಧಾನ ಬಂತು. ಅದರ ಆವಿ ಒತ್ತಡ, ಅಂದರೆ ದ್ರವದಿಂದ ಆವಿಯಾಗುವ ಒಲವು, ಟಿಎಫ್‌ಇಯದಕ್ಕೆ ಬಹಳ ದೂರವಿಲ್ಲದ್ದರಿಂದ ದ್ರವದಲ್ಲೂ ಆವಿಯಲ್ಲೂ ಎರಡೂ ಜೊತೆಯಾಗಿಯೇ ಇರುತ್ತವೆ. ಲಿಮೊನೀನ್ ಮುಟ್ಟದ ಜಾಗವನ್ನು ಇದು ಮುಟ್ಟುತ್ತದೆ.

ಇನ್ನು ಹವೆಯ ವಿಚಾರ. ಪ್ರತಿ ಅನಿಲಕ್ಕೂ ಒಂದು ಕ್ರಿಟಿಕಲ್ ತಾಪಮಾನ ಇರುತ್ತದೆ; ಅದನ್ನು ದಾಟಿದ ಮೇಲೆ ಎಷ್ಟೇ ಒತ್ತಿದರೂ ಅನಿಲ ದ್ರವವಾಗುವುದಿಲ್ಲ. ಟಿಎಫ್‌ಇಗೆ ಅದು 33 ಡಿಗ್ರಿಯ ಆಸುಪಾಸು, ಆ ಹಂತದ ಒತ್ತಡ ಸುಮಾರು 39 ಬಾರ್. ಏಪ್ರಿಲ್ ತಿಂಗಳ ಮಧ್ಯಾಹ್ನ ಮೈಸೂರು, ಮಂಡ್ಯಗಳಲ್ಲಿ ನೆರಳಿನಲ್ಲೇ 35 ಡಿಗ್ರಿ ದಾಟುವುದು ಅಪರೂಪವಲ್ಲ. ತಣ್ಣನೆಯ ದೇಶದ ಕೈಪಿಡಿಯಲ್ಲಿ ದ್ರವವೆಂದು ಭಾವಿಸಿ ಬರೆದ ಸೂಚನೆ ನಮ್ಮ ಬಿಸಿಲಿನಲ್ಲಿ ಹಾಗೇ ಒಪ್ಪುವುದಿಲ್ಲ. ಆದ್ದರಿಂದಲೇ ಘಟಕಗಳಲ್ಲಿ ಟಿಎಫ್‌ಇಯನ್ನು ಸೊನ್ನೆಗಿಂತ ಬಹಳ ಕೆಳಗೆ ತಣಿಸಿ, ಕಡಿಮೆ ಒತ್ತಡದ ದ್ರವವಾಗಿ ಇಡುವುದು. ಹಾಗೆ ಇಟ್ಟಾಗ ನಮ್ಮ ಜೀವ ತಣಿಸುವ ಯಂತ್ರದ ಕೈಯಲ್ಲಿರುತ್ತದೆ. ಕರೆಂಟ್ ಹೋದಾಗ ಎಷ್ಟು ಹೊತ್ತು ತಡೆದೀತು, ಜನರೇಟರ್ ಎಷ್ಟು ಬೇಗ ಹತ್ತುತ್ತದೆ, ಅದೂ ಕೈಕೊಟ್ಟರೆ ಏನು ಎಂಬ ಪ್ರಶ್ನೆಗಳಿಗೆ ಟ್ಯಾಂಕ್ ತುಂಬುವ ಮೊದಲೇ ಉತ್ತರ ಇರಬೇಕು.

ನಾನು ಇವತ್ತು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡ ಜಾಗ ವಾಲ್ವ್ ಮತ್ತು ಪೈಪು. ಒಂದು ಸಂದರ್ಭವನ್ನು ನಿಧಾನವಾಗಿ ನೋಡೋಣ. ತುದಿಯಲ್ಲಿ ಮುಚ್ಚಿದ ಒಂದು ಪೈಪು ಇದೆ. ಅದನ್ನು ನಿಯಮದಂತೆ ಸಾರಜನಕದಿಂದ ತೊಳೆದು ವಾತಾವರಣದ ಒತ್ತಡದಲ್ಲಿ ಬಿಟ್ಟಿದ್ದಾರೆ. ಈ ಕಡೆ 20 ಬಾರ್ ಒತ್ತಡದಲ್ಲಿ ಟಿಎಫ್‌ಇ ಇದೆ. ನಡುವೆ ಬಾಲ್ ವಾಲ್ವ್. ಆಪರೇಟರ್ ಹಿಡಿಯನ್ನು ಒಂದೇ ಸಲಕ್ಕೆ ಕಾಲು ಸುತ್ತು ತಿರುಗಿಸುತ್ತಾರೆ. ಟಿಎಫ್‌ಇ ನುಗ್ಗಿ ಮುಂದಿದ್ದ ಸಾರಜನಕವನ್ನು ಕ್ಷಣಾರ್ಧದಲ್ಲಿ ಪೈಪಿನ ತುದಿಗೆ ಅದುಮುತ್ತದೆ. ಶಾಖ ಹೊರಹೋಗಲು ಸಮಯವೇ ಇಲ್ಲದಿದ್ದರೆ ಆ ಸಾರಜನಕದ ತಾಪಮಾನ ಲೆಕ್ಕದ ಪ್ರಕಾರ 400 ಡಿಗ್ರಿ ದಾಟುತ್ತದೆ. ಪೈಪಿನ ಗೋಡೆ ಸ್ವಲ್ಪ ಶಾಖ ಹೀರುವುದರಿಂದ ವಾಸ್ತವದಲ್ಲಿ ಅಷ್ಟಾಗದಿರಬಹುದು, ಆದರೆ ಒತ್ತಡದಲ್ಲಿರುವ ಟಿಎಫ್‌ಇ ಒಡೆಯಲು ಅದಕ್ಕಿಂತ ಕಡಿಮೆ ತಾಪವೂ ಸಾಕು. ಟಿಎಫ್‌ಇಯನ್ನೇ ಅಷ್ಟು ಒತ್ತಿದರೆ ಇಷ್ಟು ಬಿಸಿಯಾಗುವುದಿಲ್ಲ, ಏಕೆಂದರೆ ಅದರ ಅಣು ದೊಡ್ಡದು, ಶಾಖವನ್ನು ತನ್ನೊಳಗೆ ಹೆಚ್ಚು ಹಿಡಿದುಕೊಳ್ಳುತ್ತದೆ. ಅಂದರೆ ಸುರಕ್ಷತೆಗಾಗಿ ತುಂಬಿದ ಸಾರಜನಕವೇ ಇಲ್ಲಿ ಬೆಂಕಿಕಡ್ಡಿಯ ಕೆಲಸ ಮಾಡುತ್ತದೆ. ಯಾರೂ ನಿಯಮ ಮುರಿದಿಲ್ಲ, ಸೋರಿಕೆ ಇಲ್ಲ, ಆಮ್ಲಜನಕ ಇಲ್ಲ. ಕೈ ಸ್ವಲ್ಪ ಅವಸರ ಮಾಡಿತು, ಅಷ್ಟೇ. ಆದ್ದರಿಂದ ಟಿಎಫ್‌ಇ ಹರಿಯುವ ಪೈಪುಗಳಲ್ಲಿ ನಿಧಾನವಾಗಿ ತೆರೆಯುವ ವಾಲ್ವ್‌ಗಳು ಇರಬೇಕು. ಮೊದಲು ಸಣ್ಣ ಬೈಪಾಸ್ ಮೂಲಕ ಎರಡೂ ಕಡೆಯ ಒತ್ತಡವನ್ನು ಸಮ ಮಾಡಿಕೊಂಡು ಆಮೇಲೆ ದೊಡ್ಡ ವಾಲ್ವ್ ತೆರೆಯುವ ಕ್ರಮ ಇರಬೇಕು.

ಅನಿಲ ಹರಿಯದೆ ನಿಲ್ಲುವ ಕುರುಡು ಪೈಪುಗಳನ್ನು, ಕಾರ್ಖಾನೆಯ ಮಾತಿನಲ್ಲಿ ಡೆಡ್ ಲೆಗ್‌ಗಳನ್ನು, ವಿನ್ಯಾಸದ ಹಂತದಲ್ಲೇ ತೆಗೆದುಹಾಕಬೇಕು. ನಿರೋಧಕವಿಲ್ಲದ ಆವಿ ಹೋಗಿ ತಂಗುವುದು, ಪಾಲಿಮರ್ ಕೂಡಿಕೊಳ್ಳುವುದು ಇಂಥ ಮೂಲೆಗಳಲ್ಲೇ. ಇದೇ ಕಾರಣಕ್ಕೆ ಬರೀ ಸೇಫ್ಟಿ ವಾಲ್ವ್ ಒಂದನ್ನೇ ನಂಬಲಾಗದು. ಅದರ ಬಾಯಲ್ಲೇ ಪಾಲಿಮರ್ ಬೆಳೆದು ಅದು ಏಳದೇ ಹೋಗಬಹುದು. ಒತ್ತಡ ಮೀರಿದರೆ ಹರಿದು ದಾರಿ ಬಿಡುವ ರಪ್ಚರ್ ಡಿಸ್ಕ್ ಜೊತೆಗಿರಬೇಕು, ಅದರ ಹೊರದಾರಿ ಜನರಿಲ್ಲದ ಕಡೆಗೆ ತೆರೆದಿರಬೇಕು. ಒಂದು ಪೈಪಿನಲ್ಲಿ ಹತ್ತಿದ ಒಡೆಯುವಿಕೆ ಇನ್ನೊಂದು ಟ್ಯಾಂಕಿಗೆ ಓಡದಂತೆ ನಡುವೆ ತಡೆಗಳಿರಬೇಕು. ನಿರೋಧಕವನ್ನು ಸಿಲಿಕಾ ಜೆಲ್ ಮೂಲಕ ಹಾಯಿಸಿ ತೆಗೆದ ಮೇಲೆ, ರಿಯಾಕ್ಟರ್ ಸೇರುವವರೆಗಿನ ಆ ಚಿಕ್ಕ ದೂರದಲ್ಲಿ ಅನಿಲ ಅತ್ಯಂತ ಅಸುರಕ್ಷಿತವಾಗಿರುತ್ತದೆ. ಆ ದೂರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇದೇ ಕುಟುಂಬದ ಇತರ ಅನಿಲಗಳನ್ನು ಬೇಗ ಮುಗಿಸುತ್ತೇನೆ. ಪಿವಿಡಿಎಫ್ ಎಂಬ ಫ್ಲೋರೋಪಾಲಿಮರ್‌ಗೆ ಬೇಕಾದ ವಿನೈಲಿಡೀನ್ ಫ್ಲೋರೈಡ್ ಹೊತ್ತಿಕೊಳ್ಳುವ ಅನಿಲ, ಅದರ ಕ್ರಿಟಿಕಲ್ ತಾಪಮಾನ ಸುಮಾರು 30 ಡಿಗ್ರಿ. ಎಫ್‌ಇಪಿ ಎಂಬ ಇನ್ನೊಂದು ಫ್ಲೋರೋಪಾಲಿಮರ್ ತಯಾರಿಕೆಯಲ್ಲಿ ಟಿಎಫ್‌ಇಗೆ ಜೊತೆಯಾಗುವ ಹೆಕ್ಸಾಫ್ಲೋರೋಪ್ರೊಪಿಲೀನ್ ಹೊತ್ತಿಕೊಳ್ಳುವುದಿಲ್ಲ, ಆದರೆ ವಿಷಕಾರಿ. ಟಿಎಫ್‌ಇಯ ಮೂಲವಸ್ತುವಾದ ಆರ್-22 ನಮ್ಮ ಹಳೆಯ ಏಸಿಗಳಲ್ಲಿದ್ದ ಅನಿಲವೇ. ದಾಸ್ತಾನಿಗೆ ಟಿಎಫ್‌ಇಗಿಂತ ಎಷ್ಟೋ ಪಾಲು ವಾಸಿ. ಇದರಿಂದಲೇ ಒಂದು ಒಳ್ಳೆಯ ಪದ್ಧತಿ ಬೆಳೆದಿದೆ: ಆರ್-22 ರೂಪದಲ್ಲಿ ಇಟ್ಟುಕೊಂಡು, ಟಿಎಫ್‌ಇಯನ್ನು ಬೇಕಾದಷ್ಟೇ ತಯಾರಿಸಿ, ಅಲ್ಲೇ ಪಾಲಿಮರ್ ಮಾಡಿ ಮುಗಿಸುವುದು. ಎಷ್ಟು ದಪ್ಪದ ಗೋಡೆ ಕಟ್ಟಿದರೂ ಸಿಗದ ಸುರಕ್ಷತೆ ದಾಸ್ತಾನನ್ನೇ ಕಡಿಮೆ ಮಾಡಿದಾಗ ಸಿಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಾನೂನಿನ ಬಗ್ಗೆ ಎರಡು ಮಾತು. ಸಿಲಿಂಡರ್‌ಗಳಿಗೂ ಒತ್ತಡದ ಟ್ಯಾಂಕುಗಳಿಗೂ 2016ರ ಪ್ರತ್ಯೇಕ ನಿಯಮಗಳಿವೆ; ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ ಎಂಬ ಕೇಂದ್ರ ಸರ್ಕಾರದ ಸ್ಫೋಟಕ ಸುರಕ್ಷತಾ ಸಂಸ್ಥೆ ಅವುಗಳ ಪರವಾನಗಿ ನೋಡಿಕೊಳ್ಳುತ್ತದೆ. 1984ರ ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಂದ ತಿದ್ದುಪಡಿಯು ಅಪಾಯ ಕಣ್ಣೆದುರಿಗಿದ್ದಾಗ ಎಚ್ಚರಿಸುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟಿತು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು ಕಾರ್ಖಾನೆಯ ಗೋಡೆಯಾಚೆಗಿನ ಊರಿಗೂ ತುರ್ತು ಯೋಜನೆ ಇರಬೇಕೆಂದು ವಿಧಿಸಿದವು. ಆ ಯೋಜನೆ ಕಡತದಲ್ಲಿದ್ದರೆ ಸಾಲದು, ಅಕ್ಕಪಕ್ಕದ ಹಳ್ಳಿಯವರಿಗೆ ಯಾವ ಸೈರನ್‌ಗೆ ಯಾವ ಕಡೆ ಹೋಗಬೇಕೆಂದು ಕನ್ನಡದಲ್ಲಿ ತಿಳಿಸಿರಬೇಕು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಟೆಫ್ಲಾನ್ ಸರಳುಗಳನ್ನು ತಂದು ಲೇತಿನಲ್ಲಿ ಕಡೆಯುವ ವರ್ಕ್‌ಶಾಪಿನವರೊಬ್ಬರು, ತಮ್ಮ ದಾಸ್ತಾನಿಗೂ ಇಂಥ ಅಪಾಯ ಇದೆಯೇ ಎಂದು ಕೇಳಿದರು. ಸಿದ್ಧ ಪಾಲಿಮರ್‌ಗೆ ಈ ಯಾವ ಭಯವೂ ಇಲ್ಲ. ಆದರೆ ಅದರ ಪುಡಿ ಕೈಗೆ ಅಂಟಿದ್ದಾಗ ಬೀಡಿ, ಸಿಗರೇಟು ಹಚ್ಚಬಾರದು. ಆ ಕೆಂಡದ ಬಿಸಿಯಲ್ಲಿ ಪುಡಿ ಕರಟಿ ಏಳುವ ಹೊಗೆಯಿಂದ ಚಳಿ, ಜ್ವರ, ಎದೆಬಿಗಿತ ಬರುತ್ತದೆ. ಟೆಫ್ಲಾನ್ ಚೂರುಗಳನ್ನು ಕಸದ ಜೊತೆ ಸುಡಲೂಬಾರದು.

ಮಂಡ್ಯದಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬರು, ಟ್ಯಾಂಕಿನ ತಾಪಮಾನ ಏರುತ್ತಿರುವುದು ಪರದೆಯ ಮೇಲೆ ಕಂಡರೆ ಆಪರೇಟರ್ ಏನು ಮಾಡಬೇಕು ಎಂದು ಕೇಳಿದರು. ಟ್ಯಾಂಕಿನ ಸುತ್ತಲಿನ ಜನರನ್ನು ಮೊದಲು ದೂರ ಕಳಿಸಬೇಕು. ಟ್ಯಾಂಕಿಗೆ ಬರುವ, ಹೋಗುವ ಪೈಪುಗಳನ್ನು ಕಂಟ್ರೋಲ್ ರೂಮಿನಿಂದಲೇ ಮುಚ್ಚಿ, ಹೊರಗಿನಿಂದ ನೀರು ಸುರಿಸುವ ವ್ಯವಸ್ಥೆಯನ್ನು ಅಲ್ಲಿಂದಲೇ ಚಾಲೂ ಮಾಡಬೇಕು. ಹತ್ತಿರ ಹೋಗಿ ಕೈಯಿಂದ ತಿರುಗಿಸಬೇಕಾದ ಒಂದೇ ಒಂದು ವಾಲ್ವ್ ಆ ಕ್ರಮದಲ್ಲಿದ್ದರೂ ಅದನ್ನು ದೂರದಿಂದ ನಡೆಸುವ ವಾಲ್ವ್ ಆಗಿ ಬದಲಾಯಿಸುವವರೆಗೆ ಆ ಟ್ಯಾಂಕನ್ನು ತುಂಬಬಾರದು.